ಬಂಗಲೆ ಕೇರಿಯ ದಾರಿ

ಬೆಟ್ಟದ ರೈಲಿನಿಂದ ಇಳಿದ ಚಿನ್ನಯ್ಯ ದಾರಿ ಕವಲೊಡೆಯುವ ಕಡೆ ನಿಂತುಬಿಟ್ಟ. ಕಂಕುಳಲ್ಲಿ ಮೂರು ರೇಷ್ಮೆ ಸೀರೆಗಳ ಗಂಟು. ಹಲ್ಲು ಕಟಕಟ ಎನ್ನುವ ಚಳಿ. ಎಡಕ್ಕೆ ಇಳಿದರೆ ಕಾಂದಲ್, ಬಡವರ ಕೇರಿ. ಬಲಕ್ಕೆ ಹತ್ತಿದರೆ ಬಂಗಲೆಗಳ ಕೇರಿ. ಊಟಿಯಲ್ಲಿ ಎಲ್ಲಿ ಇಳಿದುಕೊಳ್ಳಬೇಕೆಂದು ತನ್ನ ಬೀದಿಯ ನೇಕಾರ ಕಲ್ಲೇಶಪ್ಪ ಊರಲ್ಲೇ ಹೇಳಿ ಕಳಿಸಿದ್ದ. ಚಿನ್ನಯ್ಯನಿಗೆ ಅನುಮಾನ ಬಂದದ್ದೇ ಅಲ್ಲಿ.

"ಕಾಂದಲ್‌ನಾಗೆ ಇಳ್ಕೊ ಕಣ್ಲೇ ಚಿನ್ನಯ್ಯ. ಬಾಡಿಗೆ ಅಗ್ಗ, ಪೇಟೇನೂ ಹತ್ರ ಐತೆ. ಬಂಗಲೆ ಕಡೆ ಮಾತ್ರ ಹೋಗಬ್ಯಾಡ. ಅಲ್ಲಿ ನಾಯಿ ಬಿಡ್ತಾರೆ."

"ನಿನ್ ಮ್ಯಾಲೆ ಬಿಡಾಕಿಲ್ವೇನಣ್ಣ?"

"ನನ್ನ ವಾಸ್ನೆ ಅವಕ್ಕೆ ಗೊತ್ತು" ಎಂದು ಕಲ್ಲೇಶಪ್ಪ ನಕ್ಕಿದ್ದ.

ಆ ನಗು ಮೊಳಕಾಲ್ಮೂರಿನಿಂದ ಇಲ್ಲಿಯವರೆಗೂ ಚಿನ್ನಯ್ಯನ ಹೊಟ್ಟೆಯಲ್ಲಿ ಉರಿಯುತ್ತ ಬಂದಿತ್ತು. ಇಬ್ಬರದೂ ಒಂದೇ ಬೀದಿ, ಒಂದೇ ಕಸುಬು. ಊಟಿಗೆ ರೈಲು ಬಂದಾಗಿನಿಂದ, ಈ ಮೂರು ವರ್ಷ, ಕಲ್ಲೇಶಪ್ಪ ಬೇಸಿಗೆಗೊಮ್ಮೆ ಸೀರೆಯ ಗಂಟು ಹೊತ್ತು ಬೆಟ್ಟಕ್ಕೆ ಹೋಗುತ್ತಿದ್ದ. ಎಲ್ಲ ಮಾರಿ ಬರಿಗೈಯಲ್ಲಿ, ಹೊಸ ಶಾಲು ಹೊದ್ದು ಬರುತ್ತಿದ್ದ. ತನ್ನ ನೇಯ್ಗೆ ಯಾರ ಕಣ್ಣಿಗೂ ಬೀಳದಂತೆ ಅವನ ಮಗ್ಗದ ಮನೆಯ ಕದ ಸದಾ ಹಾಕಿರುತ್ತಿತ್ತು. ನಕ್ಷೆ ಕದ್ದಾರೆಂಬ ಭಯ ಎಂದು ಬೀದಿಯವರು ಹೇಳುತ್ತಿದ್ದರು.

"ಕಲ್ಲೇಶಣ್ಣನ ಕೈಗುಣ ನೋಡ್ರಿ" ಎಂದು ಹೆಂಡತಿ ಪಾಲಮ್ಮ ಒಮ್ಮೆ ಹೇಳಿಬಿಟ್ಟಿದ್ದಳು. "ದೊಡ್ಡೋರ ಮನೆ ಹೆಣ್ಮಕ್ಳು ಉಡ್ತಾರಂತೆ. ನಿಮ್ಮವು ಎಲ್ಲಿಗೆ ಹೋಗ್ತಾವೋ, ಯಾರು ಉಡ್ತಾರೋ."

ಚಿನ್ನಯ್ಯನವು ಹೋಗುತ್ತಿದ್ದದ್ದು ರಾಂಪುರದ ಜುಂಜಣ್ಣನ ಬಂಡಿಗೆ. ಮಗ್ಗದಿಂದ ಇಳಿಸಿದ್ದನ್ನು ಮಡಿಸಿದ ಹಾಗೇ ಕೊಂಡು, ಬಳ್ಳಾರಿ ಪೇಟೆಗೆ ಎಂದು ಹೇಳಿ ಜುಂಜಣ್ಣ ಒಯ್ಯುತ್ತಿದ್ದ. ಈ ಸಲ ಚಿನ್ನಯ್ಯ ಮೂರು ಸೀರೆ ಕೊಡಲಿಲ್ಲ. ಊಟಿಗೆ ತಾನೇ ಒಯ್ಯುತ್ತೇನೆ ಎಂದಾಗ ಜುಂಜಣ್ಣನ ಮುಖ ಇಳಿದುಹೋಯಿತು. ಆ ಸಂಜೆಯೇ ಕಲ್ಲೇಶಪ್ಪ ಮನೆಗೆ ಬಂದು ಕೂತ. ಕಾಂದಲ್‌ನಲ್ಲಿ ಇಳಿದುಕೋ ಎಂಬ ಬುದ್ಧಿ ಹೇಳಿದ್ದು ಆಗಲೇ. ಎದ್ದು ಹೋಗುವಾಗ ಇನ್ನೊಂದು ಮಾತನ್ನೂ ಸೇರಿಸಿದ.

"ಮಾರಲಿಲ್ಲ ಅಂದ್ರೆ ನಾಚ್ಕೊಬ್ಯಾಡ. ನಮ್ಮನೆ ಮಗ್ಗದಾಗೆ ಬಂದು ಕೂಲಿಗೆ ಕೂತ್ಕೊ. ನಿನ್ನ ನಾನು ಕೈ ಬಿಡಾಕಿಲ್ಲ."

ಪಾಲಮ್ಮನ ಎದುರಿಗೇ ಅಂದಿದ್ದ. ರೋಷದಲ್ಲಿ ಚಿನ್ನಯ್ಯ, ಸೀರೆ ವಾಪಸು ತಂದರೆ ಕೂಲಿಗೆ ಕೂರುತ್ತೇನೆ ಎಂದು ಮಾತು ಕೊಟ್ಟುಬಿಟ್ಟಿದ್ದ.

ಈಗ ಲೆಕ್ಕ ಸುಲಭವಾಗಿತ್ತು. ಬೇಡವೆಂದ ಕೇರಿಯಲ್ಲೇ ಗುಟ್ಟಿದೆ. ಅವನು ಬಲಕ್ಕೆ ಹತ್ತಿದ.

ಬಂಗಲೆಗಳ ಹಿಂದಿನ ಸಾಲಿನಲ್ಲಿ ಕುದುರೆ ಲಾಯದ ಪಕ್ಕ ಒಂದು ಕೋಣೆ ಸಿಕ್ಕಿತು. ಕಾಂದಲ್‌ಗಿಂತ ಮೂರು ಪಟ್ಟು ಬಾಡಿಗೆ. ಗಂಟು ಬಿಚ್ಚಿ ಸೀರೆಗಳನ್ನು ಇನ್ನೊಮ್ಮೆ ನೋಡಿದ. ಅಂಚಿನುದ್ದಕ್ಕೂ ಜರಿಯ ಗಿಳಿಗಳು, ಪ್ರತಿ ಗಿಳಿಗೂ ಕೆಂಪು ಎಳೆಯ ಕಣ್ಣು. ಸೆರಗಿನ ತುದಿಯ ಒಂದೇ ಗಿಳಿಗೆ ಮಾತ್ರ ಕಣ್ಣಿಲ್ಲ. ಎಲ್ಲ ತುಂಬಿದ ಸೀರೆಗೆ ದೃಷ್ಟಿ ತಾಗ್ತೈತೆ ಮಗಾ ಎಂದು ಅವ್ವ ಸೂರಮ್ಮ ಹೇಳಿಕೊಟ್ಟದ್ದು. ಅವಳು ಸತ್ತ ಮೇಲೂ ಅವನು ಬಿಟ್ಟಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ದೊಡ್ಡವರು ಇದನ್ನು ತಪ್ಪೆಂದು ಹಿಡಿದರೆ? ಸೂಜಿಯಿಂದ ಕಣ್ಣು ಹಾಕಿಬಿಡಲೇ ಎಂದು ಯೋಚಿಸಿದ. ಅವ್ವ ನೆನಪಾದಳು. ಹಾಗೇ ಮಡಿಸಿಟ್ಟ.

ಮರುದಿನ ಲಾಯದವನನ್ನು ಕೇಳಿದಾಗ, ಸೀರೆಯ ಕಲ್ಲೇಶಪ್ಪ ಹೋಗುವುದು ಕಮಲಾಕ್ಷಮ್ಮನವರ ಬಂಗಲೆಗೆ ಎಂದು ಹೇಳಿದ. ಮೈಸೂರಿನ ದೊಡ್ಡ ಅಧಿಕಾರಿಯ ಹೆಂಡತಿ, ಬೇಸಿಗೆಗೆಲ್ಲ ಇಲ್ಲೇ. ಚಿನ್ನಯ್ಯ ಹೋದ. ನಾಯಿ ಇರಲಿಲ್ಲ.

ಕಮಲಾಕ್ಷಮ್ಮ ಜಗುಲಿಗೆ ಬಂದರು. ಅವರು ಉಟ್ಟ ಸೀರೆ ನೋಡಿ ಚಿನ್ನಯ್ಯ ಗಂಟು ಬಿಚ್ಚುವುದನ್ನೇ ಮರೆತ. ಬೆಳಗಿನ ಬಿಸಿಲಿಗೆ ಅಂಚಿನ ಗಿಳಿಗಳು ಹಾರಿಹೋಗುವಂತಿದ್ದವು. ಮಗ್ಗದ ಗುಂಡಿಯಲ್ಲಿ ಕೂತವನಿಗೆ ಕಾಣುವುದು ಸೀರೆಯ ಹಿಂಬದಿ, ಅದೂ ಒಂದು ಗೇಣು. ಮೈಮೇಲಿನ ರೇಷ್ಮೆ ಹೀಗೆ ಕಾಣುತ್ತದೆಂದು ಅವನಿಗೆ ತಿಳಿದಿರಲಿಲ್ಲ.

ಅವರು ಅವನ ಮೂರೂ ಸೀರೆ ಬಿಡಿಸಿ ನೋಡಿದರು. ತುಟಿ ಬಿಗಿಯಿತು.

"ಇದು ನಕಲು ಕಣಪ್ಪ."

"ಇಲ್ಲ ತಾಯಿ, ನನ್ನ ಕೈಯಾಗೆ ನೇಯ್ದಿದ್ದು."

"ನೇಯ್ದಿರಬಹುದು. ನೋಡಿ ಕದ್ದು ನೇಯ್ದದ್ದು. ಕಲ್ಲೇಶಪ್ಪನವರ ಸೀರೆಯನ್ನೇ ನಾನು ಮೂರು ವರ್ಷದಿಂದ ಉಡುತ್ತಿರುವುದು. ಅವರ ಕೆಲಸ ಹೇಗಿರುತ್ತೆ ಅಂತ ನೋಡಬೇಕಾ? ನೋಡು."

ಅವರು ಸೆರಗನ್ನು ಅವನೆದುರು ಹರಡಿ ಹಿಡಿದರು.

ಚಿನ್ನಯ್ಯ ನೋಡಿದ. ಅಸೂಯೆ ಎಷ್ಟೇ ಇದ್ದರೂ ಕಣ್ಣು ಸುಳ್ಳು ಹೇಳಲಿಲ್ಲ. ಇಂಥದ್ದು ತನ್ನ ಕೈಯಿಂದ ಆಗುವಂಥದ್ದಲ್ಲ. ಪಾಲಮ್ಮ ಹೇಳಿದ್ದು ಸರಿ. ಊರಿಗೆ ಹೋಗಿ ಕಲ್ಲೇಶಪ್ಪನ ಮನೆಯಲ್ಲಿ ಕೂಲಿಗೆ ಕೂರುವುದೇ ಸರಿ. ಆದರೂ ಒಂದು ತಪ್ಪು ಸಿಕ್ಕರೆ ಸಾಕು, ಒಂದೇ ಒಂದು, ಅಷ್ಟನ್ನು ಎದೆಯಲ್ಲಿಟ್ಟುಕೊಂಡು ರೈಲು ಹತ್ತಬಹುದು ಎಂದುಕೊಂಡ. ಬಗ್ಗಿ, ಒಂದೊಂದೇ ಗಿಳಿಯನ್ನು ನೋಡುತ್ತ ಸೆರಗಿನ ತುದಿಗೆ ಬಂದ.

ಕೊನೆಯ ಗಿಳಿಗೆ ಕಣ್ಣಿರಲಿಲ್ಲ.