ಸುಡೋ ಅಂದ ಗಂಡು

ಹೆಣ್ಣು ನೋಡಲು ಬಂದ ಗಂಡು ಜಮಖಾನದ ಮೇಲೆ ಕೂತು "ಸುಡೋ" ಎಂದ. ಹುಡುಗಿಯ ಅಜ್ಜಿ ಜೋಗಮ್ಮನ ಬಾಯಲ್ಲಿ ಎಲೆಅಡಿಕೆ ಅಲ್ಲೇ ನಿಂತಿತು.

ನಾಗಭೂಷಣ ಚಳ್ಳಕೆರೆಯಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರು. ಕೀಲಿಮಣೆಯಲ್ಲಿ ಹೊಡೆದದ್ದನ್ನೆಲ್ಲ ಬಾಯಲ್ಲೂ ಹೇಳುವುದು ಕ್ಲಾಸಿನಿಂದ ಅಂಟಿದ ಚಾಳಿ. ದೇವಸಮುದ್ರದ ಈ ಮನೆಯಲ್ಲಿ ಹುಡುಗಿ ರಶ್ಮಿತಾ ಉಪ್ಪಿಟ್ಟಿನ ತಟ್ಟೆ ಇಟ್ಟು ಒಳಗೆ ಹೋದ ಮೇಲೆ ಅವನಿಗೆ ಬೇರೆ ಹೆಣ್ಣು ನೋಡುವ ಮನಸ್ಸೇ ಹೋಗಿತ್ತು. ತಮ್ಮ ಮನೆಯ ಫೋಟೋ ತೋರಿಸೋಣವೆಂದು ಸ್ಲೇಟಿನಷ್ಟಗಲದ ಲ್ಯಾಪ್‌ಟಾಪ್ ಬಿಚ್ಚಿದ. ಅಗ್ಗದ್ದು, ಒಳಗೆ ಲಿನಕ್ಸ್ ಎಂಬ ತಂತ್ರಾಂಶ. ಪೆನ್‌ಡ್ರೈವ್ ತೆರೆಯಲಿಲ್ಲ. ಕಪ್ಪು ಪರದೆ ತೆಗೆದು ಅದಕ್ಕೆ ಕೊಡುವ ಆಜ್ಞೆಯ ಮೊದಲ ಪದ ಹೊಡೆದು ಬಾಯಲ್ಲೂ ಅಂದಿದ್ದ, ಅಷ್ಟೇ.

"ದೇವುಡಾ, ಒಳ್ಳೆ ಕೆಲಸಕ್ಕೆ ಬಂದು ಸುಡೋ ಅಂತಾನಲ್ಲ ಯರ್ರಪ್ಪ," ಎಂದಳು ಜೋಗಮ್ಮ ಮಗನಿಗೆ. "ಏಳ್ರಿ ಅನ್ನು ಅವರಿಗೆ."

ಹುಡುಗಿಯ ಅಪ್ಪ ಯರ್ರಪ್ಪ ಏಳಿ ಅನ್ನಲಿಲ್ಲ. ಕಾಫಿ ಲೋಟ ಕೆಳಗಿಟ್ಟ. ಅದರರ್ಥವೂ ಹೆಚ್ಚುಕಡಿಮೆ ಅದೇ. ನಾಗಭೂಷಣನ ಅವ್ವ ಸೆರಗಿನ ಮರೆಯಲ್ಲಿ ಮಗನ ತೊಡೆ ಚಿವುಟಿದಳು.

"ಬೆಂಕಿ ಹಚ್ಚಾದಲ್ಲ ಅಜ್ಜಿ," ಎಂದ ನಾಗಭೂಷಣ. "ಈ ಮಿಷನ್ನು ಯಾರು ಹೇಳಿದ್ರೂ ಸುಮ್ನೆ ಕೇಳಂಗಿಲ್ಲ. ಸುಡೋ ಅಂದ್ರೆ, ದೊಡ್ಡೋರ ಅಪ್ಪಣೆ ಐತೆ, ಮಾಡು ಅಂತ."

ಜೋಗಮ್ಮನ ದವಡೆ ಮತ್ತೆ ಆಡತೊಡಗಿತು. "ಮಿಷನ್ನಿಗೂ ದೊಡ್ಡೋರು ಅಂದ್ರೆ ಭಯ ಐತೆ ನೋಡು. ನಮ್ಮ ಮೊಮ್ಮಗ ಗೋವರ್ಧನಂಗಿಲ್ಲ."

ಯರ್ರಪ್ಪ ಲೋಟ ಎತ್ತಿಕೊಂಡ. "ಯಾರಪ್ಪ ಅದ್ರಾಗಿನ ದೊಡ್ಡೋರು? ಕಂಪನಿಯೋರಾ?"

"ಇದಕ್ಕೆ ಯಜಮಾನರೇ ಇಲ್ರಿ ಮಾವ. ಮಾಡಿದೋರು ಎಲ್ಲಾರಿಗೂ ಪುಕ್ಕಟೆ ಬಿಟ್ಟವ್ರೆ." ಮಾವ ಎಂದದ್ದು ಅವಸರವಾಯಿತೆಂದು ಅವನಿಗೇ ಅನ್ನಿಸಿತು.

"ಮತ್ತೆ ಅಪ್ಪಣೆ ಕೊಡೋರ್ಯಾರು?"

ಇಲ್ಲೊಂದು ಸುಳ್ಳು ಸಲೀಸಾಗಿ ನಡೆಯುತ್ತಿತ್ತು. ಆದರೆ ಪಾಠದ ವಿಷಯದಲ್ಲಿ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

"ನಾನೇ ಕೊಡ್ತೀನ್ರಿ. ಕೇಳೋನೂ ನಾನೇ. ನನ್ನ ಪಾಸ್‌ವರ್ಡ್ ಹೊಡೆದ್ರೆ ಆಯ್ತು."

ಲೋಟ ಮತ್ತೆ ಕೆಳಗಿಳಿಯಿತು. "ಕೇಳೋನೂ ನೀನೇ, ಕೊಡೋನೂ ನೀನೇ. ಹಂಗಿದ್ದ ಮ್ಯಾಲೆ ಹೆಣ್ಣು ಕೇಳಾಕೆ ನಮ್ಮನೆಗಂಟ ಯಾಕೆ ಬಂದ್ಯಪ್ಪ?"

ನಾಗಭೂಷಣನ ಅವ್ವ ಚಪ್ಪಲಿ ಎಲ್ಲಿದೆಯೆಂದು ಬಾಗಿಲ ಕಡೆ ನೋಡಿದಳು. ಅವನು ಲ್ಯಾಪ್‌ಟಾಪ್ ಮಡಚಲು ಕೈಹಾಕಿದ.

ಅಷ್ಟರಲ್ಲಿ ಅಡುಗೆಮನೆಯಿಂದ ರಶ್ಮಿತಾ ಹೊರಗೆ ಬಂದಳು. ಗಂಡು ಬರುವ ಸುದ್ದಿ ಬಂದಾಗಿನಿಂದ ಆ ಮನೆಯಲ್ಲಿ ಎಲ್ಲರ ಒಪ್ಪಿಗೆಯನ್ನೂ ಕೇಳಿ ಆಗಿತ್ತು, ಅವಳದೊಂದು ಬಿಟ್ಟು. ಅವಳು ಅಪ್ಪನ ಕಡೆಗೂ ನೋಡಲಿಲ್ಲ, ಅಜ್ಜಿಯ ಕಡೆಗೂ ನೋಡಲಿಲ್ಲ. ಜಮಖಾನದ ಅಂಚಿನಲ್ಲಿ ಕೂತು ಪರದೆಗೆ ಬಗ್ಗಿದಳು.

"ಆ ಅಪ್ಪಣೆ ಕೊಟ್ಕೊಳ್ಳೋದು ನನಗೂ ಕಲಿಸ್ತೀರಾ?"