ಹಸಿರು ಕಾಯಿ

ಕೂಲಿಯವರ ಲೆಕ್ಕ ಬರೆಯುವ ರೈಟರ್ ಸೋಮಯ್ಯ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಫಿ ತೆಗೆದ. ಹಣ್ಣಿಗಿಂತ ಹಸಿರು ಕಾಯಿಯೇ ಹೆಚ್ಚು. ಕಾಯಿ ಕಿತ್ತವರಿಗೆ ಎಸ್ಟೇಟಿನಲ್ಲಿ ಮರುದಿನ ಕೆಲಸವಿಲ್ಲ. ಬಾತುಕೊಂಡ ಬೆರಳುಗಳಿಂದ ಹಣ್ಣನ್ನಷ್ಟೇ ಬಿಡಿಸಲಾಗದೆ ದ್ಯಾವಮ್ಮ ಇಡೀ ರೆಂಬೆಯನ್ನು ಅಂಗೈಯಲ್ಲಿ ಸವರಿ ಎಳೆದಿದ್ದಳು.

“ಯಾರ್ದು ಇದು?”

“ನಂದು ಕಣಣ್ಣ,” ಎಂದಳು ಸೊಸೆ ರಶ್ಮಿತಾ, ಅತ್ತೆಯ ಮುಖ ನೋಡದೆ. “ಹೊಸಬ್ಳಲ್ವಾ, ಗೊತ್ತಾಗ್ಲಿಲ್ಲ.”

“ಇಂಥಾ ಅತ್ತೆ ಪಕ್ಕದಲ್ಲಿಟ್ಕೊಂಡು ಗೊತ್ತಾಗ್ಲಿಲ್ವಂತೆ,” ಸೋಮಯ್ಯ ನಕ್ಕ. “ಇದೊಂದ್ಸಲ ಬುಡ್ತೀನಿ. ದ್ಯಾವಕ್ಕ, ಹೆಂಗೆ ಬಿಡಿಸ್ಬೇಕು ಅಂತ ತೋರ್ಸು ಇವ್ಳಿಗೆ.” ಪಕ್ಕದ ಗಿಡದ ರೆಂಬೆಯನ್ನು ಬಗ್ಗಿಸಿ ಹಿಡಿದ.

ದ್ಯಾವಮ್ಮ ಸೆರಗಿನೊಳಗಿಂದ ಕೈ ತೆಗೆದಳು. ಹಣ್ಣು ಬೆರಳಿಗೆ ತಾಗಿತು. ಬೆರಳು ಬಾಗಲಿಲ್ಲ. ಇನ್ನೊಂದು ಕೈ ಚಾಚಿದಳು, ಅದರ ಬೆರಳೂ ಬಾಗಲಿಲ್ಲ.

ಸೋಮಯ್ಯ ರೆಂಬೆಯನ್ನು ಮೆಲ್ಲಗೆ ಬಿಟ್ಟ. ರಶ್ಮಿತಾಳ ಕಾಲ ಬಳಿಯಿದ್ದ ಹಸಿರು ಕಾಯಿಯ ಚೀಲವನ್ನು ಎಳೆದು ದ್ಯಾವಮ್ಮನ ಮುಂದಿಟ್ಟ.