ಪಿರಮಿಡ್ಡಿನ ಮುಂದೆ ಓಗೊಟ್ಟವಳು

ಈಗೀಗ ಇಲ್ಲಿನ ಕಲ್ಲಿಗೆ ಬಡಿದ ದನಿ ಮರಳಿ ಬರಲು ಹನ್ನೊಂದು ವರ್ಷ ಹಿಡಿಯುತ್ತದೆ. ಅದಕ್ಕೇ ಮೆಕ್ಸಿಕೋದ ಈ ಮಾಯನ್ ಪಿರಮಿಡ್ಡಿಗೆ ನೋಡುವವರಿಗಿಂತ ಕೇಳುವವರೇ ಹೆಚ್ಚು ಬರುತ್ತಾರೆ.

ಎಪ್ಪತ್ತು ದಾಟಿದ ಧಾರವಾಡದ ಇಂದುಮತಿ, ನಾದಿನಿ ಕಸ್ತೂರಿಯೊಂದಿಗೆ ಹುಲ್ಲಿನ ಮೇಲೆ ಕಾಯುತ್ತ ಕುಳಿತಿದ್ದಳು. ಹನ್ನೊಂದು ವರ್ಷದ ಹಿಂದೆ ಬಂದಾಗ ಗಂಡ ಇಲ್ಲಿ ನಿಂತು ಏನನ್ನೋ ಕೂಗಿ ಹೇಳಿದ್ದ. ದೂರದಲ್ಲಿ ಟೋಪಿಗೆ ಚೌಕಾಸಿ ಮಾಡುತ್ತಿದ್ದ ಇವಳಿಗೆ ಕೇಳಿಸಿರಲಿಲ್ಲ. "ಊರಿಗೆ ಹೋದಮ್ಯಾಲ ಹೇಳ್ತೀನಿ ತಗೋ" ಎಂದು ನಕ್ಕಿದ್ದ. ಊರು ಮುಟ್ಟುವ ಮೊದಲೇ, ವಿಮಾನದಲ್ಲಿ, ಅವನ ಹೃದಯ ನಿಂತಿತ್ತು.

"ವೈನಿ, ಸುಮ್ಮನ ಕೂಡ್ರಿ. ಅಣ್ಣನ ದನಿ ಒಂದ ಸಲಾನ ಬರೋದು," ಎಂದಳು ಕಸ್ತೂರಿ.

ಯಾರದೋ ಹಳೆಯ ಚಪ್ಪಾಳೆ, ಯಾವುದೋ ಮಗುವಿನ ಅಳು ಮೆಟ್ಟಿಲಿಳಿದು ಬಂದವು. ಆಮೇಲೆ ಅವನು.

"ಇಂದೂ!"

"ಬಂದೆ ರೀ!" ಇಂದುಮತಿ ದಡಬಡಿಸಿ ಎದ್ದು ಕೂಗಿದಳು. ಸಂಸಾರದುದ್ದಕ್ಕೂ ಓಗೊಟ್ಟ ರೂಢಿ. ಅವನ ಉಳಿದ ಮಾತು ಆ ಕೂಗಿನಡಿ ಮುಗಿದೇ ಹೋಯಿತು.

"ನಿನಗರೆ ಕೇಳಿಸ್ತೇನ, ಕಸ್ತೂರಿ?"

"ನಿಮ್ಮ ದನೀನ ಕೇಳಿಸ್ತು, ವೈನಿ."

ಆ 'ಬಂದೆ ರೀ' ಆಗಲೇ ಕಲ್ಲು ಸೇರಿತ್ತು. ಅದು ಹೊರಬರುವ ದಿನ ಕರೆದವನೂ ಇರುವುದಿಲ್ಲ, ಬಂದೆ ಎಂದವಳೂ.